ಮೆಟಲ್ ಡಿಟೆಕ್ಟರ್‌ಗೆ ಹೊಸ ಬೆಲ್ಟ್ ಹಾಕೋ ಮುಂಚೆ

ಬೆಲ್ಟ್ ಬೇಕು ಅಂತ ಇಂಡೆಂಟ್ (ಸಾಮಾನು ತರಿಸುವ ಬೇಡಿಕೆ ಚೀಟಿ) ಕೊಟ್ಟರೆ ಪರ್ಚೇಸ್‌ನವರು ಕೇಳುವುದು ಎರಡೇ ಪ್ರಶ್ನೆ. ಉದ್ದ ಎಷ್ಟು, ಅಗಲ ಎಷ್ಟು. ಪ್ಯಾಕಿಂಗ್ ಲೈನಿನ ಬೇರೆ ಕನ್ವೇಯರ್‌ಗಳಿಗೆ ಅಷ್ಟು ಹೇಳಿದರೆ ಹೆಚ್ಚುಕಮ್ಮಿ ಸಾಕು. ಮೆಟಲ್ ಡಿಟೆಕ್ಟರ್‌ಗೆ, ಅಂದರೆ ಪೌಚ್ ಒಳಗೆ ಲೋಹದ ಚೂರು ಇದೆಯಾ ಅಂತ ನೋಡುವ ಯಂತ್ರಕ್ಕೆ, ಸಾಲದು. ಅಲ್ಲಿ ಬೆಲ್ಟ್ ಕೂಡ ಡಿಟೆಕ್ಟರಿನದೇ ಒಂದು ಭಾಗ. ಇದನ್ನು ಒಪ್ಪದೆ ಬೆಲ್ಟ್ ಬದಲಿಸಿದ ಎಷ್ಟೋ ಕಡೆ ಆಮೇಲೆ ಡಿಟೆಕ್ಟರ್‌ನ ಎಂಜಿನಿಯರ್‌ನ ಕರೆಸಿ, ವಿಸಿಟ್ ಚಾರ್ಜ್ ಕೊಟ್ಟು, ಕೊನೆಗೆ ಬೆಲ್ಟನ್ನೇ ಇನ್ನೊಂದು ಸಲ ಬದಲಿಸಿದ್ದಾರೆ.

ನಾನು ತುಮಕೂರು ಕಡೆಯ ಒಂದು ಹಿಟ್ಟು, ಮಸಾಲೆ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ಮೈಂಟೆನೆನ್ಸ್ ನೋಡಿಕೊಳ್ಳುತ್ತೇನೆ. ರಾಗಿ ಹಿಟ್ಟು, ಸಾಂಬಾರ್ ಪುಡಿ, ಖಾರದ ಪುಡಿ ಇಂಥವೆಲ್ಲ ಅರ್ಧ ಕೆಜಿ, ಒಂದು ಕೆಜಿ ಪೌಚ್‌ನಲ್ಲಿ ಹೋಗುತ್ತವೆ. ಮೆಣಸಿನಕಾಯಿ ಅರೆಯುವ ಯಂತ್ರದ ಹ್ಯಾಮರ್ ಸವೆಯುತ್ತದೆ, ಜರಡಿಯ ತಂತಿ ಕಿತ್ತು ಬರುತ್ತದೆ, ಎಲ್ಲೋ ಒಂದು ವಾಷರ್ ಬೀಳುತ್ತದೆ. ಮ್ಯಾಗ್ನೆಟ್‌ಗಳು ಕಬ್ಬಿಣ ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಸುಲಭಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಕೊನೆಯಲ್ಲಿ ಈ ಡಿಟೆಕ್ಟರ್ ಕೂತಿರುವುದು. ಅದು ದಾಟಿದರೆ ಆಮೇಲೆ ಸೀದಾ ಯಾರದ್ದೋ ಮನೆಯ ಸಾರಿಗೆ.

ಬೆಲ್ಟ್ ಯಾಕೆ ಮುಖ್ಯ ಅಂತ ಗೊತ್ತಾಗಬೇಕಾದರೆ ಒಳಗಿನ ಕೆಲಸ ಸ್ವಲ್ಪ ನೋಡಬೇಕು. ಬೆಲ್ಟ್ ಹಾದುಹೋಗುವ ಆ ಚೌಕದ ಕಿಂಡಿ ಇದೆಯಲ್ಲ, ಅದರ ಸುತ್ತ ಗೋಡೆಯೊಳಗೆ ಮೂರು ಕಾಯಿಲ್ ಸುತ್ತಿರುತ್ತಾರೆ. ನಡುವಿನದು ಹೈ ಫ್ರೀಕ್ವೆನ್ಸಿಯಲ್ಲಿ ಅಯಸ್ಕಾಂತ ಕ್ಷೇತ್ರ ಹುಟ್ಟಿಸುತ್ತದೆ. ಆಚೆ ಈಚೆ ಸಮ ದೂರದಲ್ಲಿರುವ ಎರಡು ಕಾಯಿಲ್‌ಗಳು ಅದನ್ನು ಹಿಡಿಯುತ್ತವೆ. ಅವೆರಡನ್ನೂ ಒಂದಕ್ಕೊಂದು ಉಲ್ಟಾ ಜೋಡಿಸಿರುವುದರಿಂದ ಎರಡರ ಸಿಗ್ನಲ್ ಕಳೆದು ಸೊನ್ನೆ ಬರುತ್ತದೆ. ಲೋಹದ ಚೂರೊಂದು ಕಿಂಡಿಯೊಳಗೆ ಬಂದರೆ ಮೊದಲು ಒಂದು ಕಾಯಿಲ್‌ನ, ಆಮೇಲೆ ಇನ್ನೊಂದರ ಸಮತೋಲ ತಪ್ಪುತ್ತದೆ. ಯಂತ್ರ ನೋಡುವುದು ಆ ಚಿಕ್ಕ ಏರುಪೇರನ್ನು. ಅದು ಲೋಹದ್ದೇ, ಒದ್ದೆ ಉಪ್ಪಿನದ್ದೇ, ಬೆಲ್ಟಿನದ್ದೇ ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಕರೆಂಟ್ ಹರಿಯುವಂಥದ್ದು ಏನೇ ಕಿಂಡಿಯಲ್ಲಿ ಓಡಾಡಿದರೂ ಅದರ ಲೆಕ್ಕದಲ್ಲಿ ಅದು ಸಿಗ್ನಲ್ಲೇ.

ಈ ತತ್ವಕ್ಕೆ ಹಳೇ ಕಥೆಯೊಂದಿದೆ. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದರು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಸಮತೋಲದ ಕಾಯಿಲ್ ಯಂತ್ರ ತಂದು ದೇಹದೊಳಗಿನ ಗುಂಡು ಹುಡುಕಿದ. ಸಿಗಲಿಲ್ಲ. ಡಾಕ್ಟರು ಗುಂಡು ಇಲ್ಲದ ಬಲಗಡೆಯನ್ನೇ ತೋರಿಸಿದ್ದು ಒಂದು ಕಾರಣ. ಇನ್ನೊಂದು, ರೋಗಿ ಮಲಗಿದ್ದ ಹಾಸಿಗೆಯೊಳಗಿನ ಸ್ಟೀಲ್ ಸ್ಪ್ರಿಂಗ್ ತಂತಿಗಳು. ಸೆಪ್ಟೆಂಬರ್‌ನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ನಮ್ಮ ಹೊಸ ಹುಡುಗರಿಗೆ ಬೆಲ್ಟಿನ ವಿಷಯ ಹೇಳುವಾಗ ಈ ಹಾಸಿಗೆ ಕಥೆ ಹೇಳುತ್ತೇನೆ. ಮ್ಯಾನುಯಲ್ ಓದಿಸುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಈಗ ಬೆಲ್ಟಿಗೆ ಬರೋಣ. ಮೆಟಲ್ ಕ್ಲಿಪ್ ಹೊಡೆದು ಜೋಡಿಸಿದ ಬೆಲ್ಟ್ ಆಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದರೆ ಬೆಲ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಗೊತ್ತಾಗುತ್ತದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಆಂಟಿಸ್ಟಾಟಿಕ್ ಬೆಲ್ಟಿನ ಸಮಾಚಾರ. ಸಾಮಾನ್ಯ ಕನ್ವೇಯರ್‌ಗಳಿಗೆ ಅಂಗಡಿಯಲ್ಲಿ ಸಿಗುವ ಪಿವಿಸಿ, ಪಿಯು ಬೆಲ್ಟ್‌ಗಳಲ್ಲಿ ತುಂಬಾ ಆಂಟಿಸ್ಟಾಟಿಕ್ ಆಗಿರುತ್ತವೆ. ಮೈಮೇಲೆ ಹುಟ್ಟುವ ಸ್ಟಾಟಿಕ್ ಇಳಿದು ಹೋಗಲಿ ಅಂತ ಬಟ್ಟೆಯ ಪದರದಲ್ಲೋ ಮೇಲಿನ ಲೇಪದಲ್ಲೋ ಕಾರ್ಬನ್ ಸೇರಿಸಿರುತ್ತಾರೆ. ಕಾರ್ಬನ್ ಅಂದರೆ ಕರೆಂಟ್ ಹರಿಯುವ ಸರಕು. ಎಲ್ಲಾ ಕಡೆ ಒಂದೇ ಸಮ ಇದ್ದಿದ್ದರೆ ಡಿಟೆಕ್ಟರ್ ಹೇಗೋ ಸಹಿಸಿಕೊಳ್ಳುತ್ತಿತ್ತೇನೋ. ಆದರೆ ಜಾಯಿಂಟ್ ಬಂದಾಗ ಆ ಪದರ ತುಂಡಾಗಿರುತ್ತದೆ, ಅಲ್ಲಿ ಸಿಗ್ನಲ್ ಹಾರುತ್ತದೆ. ಕಣ್ಣಿಗೆ ಎರಡೂ ಬೆಲ್ಟ್ ಒಂದೇ. ಬಣ್ಣ ಒಂದೇ, ದಪ್ಪ ಒಂದೇ, ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಇರಬೇಕಂತಿಲ್ಲ. ಡೇಟಾ ಶೀಟಿನಲ್ಲಿ ಒಂದು ಸಾಲು ಮಾತ್ರ ಬೇರೆ.

ನಮ್ಮಲ್ಲೇ ಹೀಗಾಗಿತ್ತು. ಅರ್ಜೆಂಟ್ ಅಂತ ಬೇರೆ ಲೈನಿಗೆ ತರಿಸಿದ್ದ ರೋಲಿನಿಂದಲೇ ಕತ್ತರಿಸಿ ಹಾಕಿದ್ದರು. ಖಾಲಿ ಬೆಲ್ಟ್ ಓಡಿಸಿದರೂ ಲೋಹ ಸಿಕ್ಕ ಪೌಚನ್ನು ಪಕ್ಕಕ್ಕೆ ತಳ್ಳುವ ರಿಜೆಕ್ಟ್ ಪುಷರ್ ಸುಮ್ನೆ ಗಾಳಿಗೆ ಹೊಡೆಯುತ್ತಿತ್ತು. ಆಗ ಯಾರೋ ಒಬ್ಬರು, 'ಪ್ರಾಡಕ್ಟ್ ಲರ್ನಿಂಗ್ ಹೊಸದಾಗಿ ಕೊಡಿ ಸಾರ್, ಸರಿ ಹೋಗುತ್ತೆ' ಅಂದರು. ಲರ್ನಿಂಗ್ ಅಂದರೆ ಪುಡಿಯಿಂದಲೇ ಬರುವ ಸಿಗ್ನಲ್ ಯಾವುದು ಅಂತ ಯಂತ್ರಕ್ಕೆ ಕಲಿಸುವುದು. ಕೊಟ್ಟರು. ಸರಿ ಹೋಯಿತು, ಪುಷರ್ ಸುಮ್ಮನಾಯಿತು. ಅಪಾಯ ಇರುವುದು ಇಲ್ಲೇ. ಯಂತ್ರ ಬೆಲ್ಟಿನ ಸಿಗ್ನಲನ್ನೂ ಪುಡಿಯ ಲೆಕ್ಕಕ್ಕೆ ಸೇರಿಸಿಕೊಂಡು, ಅಷ್ಟನ್ನು ನೋಡದ ಹಾಗೆ ಕಣ್ಣು ಮುಚ್ಚುವುದನ್ನು ಕಲಿತಿತ್ತು. ಕ್ಯೂಎ (ಗುಣಮಟ್ಟ ನೋಡುವ ವಿಭಾಗ) ಹುಡುಗಿ ಬಂದು ಸ್ಟೇನ್‌ಲೆಸ್ ಸ್ಟೀಲ್ ಟೆಸ್ಟ್ ಪೀಸ್ (ಪರೀಕ್ಷೆಗೆಂದೇ ಇರುವ ಲೋಹದ ಗುಂಡು) ಇಟ್ಟಾಗ ಅದು ಆರಾಮಾಗಿ ದಾಟಿಕೊಂಡು ಕಾರ್ಟನ್ ಕಡೆ ಹೋಯಿತು. ಲೈನ್ ಅಲ್ಲೇ ನಿಂತಿತು, ಹಿಂದಿನ ಟೆಸ್ಟ್‌ನಿಂದ ಈಚೆಗಿನ ಮಾಲೆಲ್ಲ ಹೋಲ್ಡ್ ಆಯಿತು. ಹೊಸ ಬೆಲ್ಟ್ ಹಾಕಿದ ಮೇಲೆ ಖಾಲಿ ಓಡಿಸಿ ನೋಡುವ ಮುಂಚೆ ಲರ್ನಿಂಗ್ ಬಟನ್ ಮುಟ್ಟಬೇಡಿ ಅನ್ನುವುದು ಅದಕ್ಕೇ.

ಈಗ ಇಂಡೆಂಟ್‌ನಲ್ಲಿ ಉದ್ದ ಅಗಲದ ಜೊತೆ ಬರೆಯುವುದು ಹೀಗೆ: ಮೆಟಲ್ ಡಿಟೆಕ್ಟರ್‌ಗೆ ಹೊಂದುವ ಬೆಲ್ಟ್, ಆಂಟಿಸ್ಟಾಟಿಕ್ ಅಲ್ಲದ್ದು, ಕಾರ್ಬನ್ ಇಲ್ಲದ್ದು, ಫುಡ್ ಗ್ರೇಡ್ ಸರ್ಟಿಫಿಕೇಟ್ ಬೇಕು, ನೀಲಿ ಬಣ್ಣ, ಫಿಂಗರ್ ಜಾಯಿಂಟ್ (ಹಲ್ಲು ಹಲ್ಲಾಗಿ ಕತ್ತರಿಸಿ ಕೂಡಿಸುವ ಜಾಯಿಂಟ್). ಜೊತೆಗೆ ನಮ್ಮ ಅತಿ ಚಿಕ್ಕ ರೋಲರ್‌ನ ವ್ಯಾಸ. ಈ ಕೊನೆಯದನ್ನು ಮರೆಯುವವರು ಜಾಸ್ತಿ. ದಪ್ಪ ಬೆಲ್ಟನ್ನು ಸಣ್ಣ ರೋಲರ್ ಮೇಲೆ ಬಗ್ಗಿಸಿದರೆ ಮೊದಲು ಬಿರಿಯುವುದು ಜಾಯಿಂಟೇ. ನೀಲಿ ಯಾಕೆ ಅಂದರೆ, ನಾವು ತಿನ್ನುವ ಪದಾರ್ಥದಲ್ಲಿ ನೀಲಿ ಇರುವುದು ಕಡಿಮೆ. ಬೆಲ್ಟಿನ ಚೂರು ಕಿತ್ತು ಹಿಟ್ಟಿಗೆ ಬಿದ್ದರೆ ಕಣ್ಣಿಗೆ ಬೀಳಲಿ ಅಂತ. ಆ ಚೂರನ್ನು ಡಿಟೆಕ್ಟರ್ ಹಿಡಿಯುವುದಿಲ್ಲವಲ್ಲ.

ಕಾರ್ಬನ್ ಇಲ್ಲದ ಬೆಲ್ಟಿಗೂ ಒಂದು ತೊಂದರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಜನವರಿ ಫೆಬ್ರವರಿಯ ಒಣ ಹವೆಯಲ್ಲಿ ಸ್ಟಾಟಿಕ್ ಕೂಡಿಕೊಂಡು ಪುಡಿ ಮೆತ್ತಿಕೊಳ್ಳುತ್ತದೆ, ಒಮ್ಮೊಮ್ಮೆ ಚಟ್ ಅಂತ ಕಿಡಿ ಹಾರಿ ಸುಳ್ಳು ರಿಜೆಕ್ಟ್ ಕೂಡ ಆಗುತ್ತದೆ. ಅದಕ್ಕೆ ಫ್ರೇಮಿನ ಅರ್ಥಿಂಗ್ ನೆಟ್ಟಗಿಡಬೇಕು, ರೋಲರ್ ಚೊಕ್ಕ ಇಡಬೇಕು. ಆಂಟಿಸ್ಟಾಟಿಕ್ ಬೆಲ್ಟ್ ಹಾಕುವುದು ಮಾತ್ರ ಮದ್ದಲ್ಲ.

ಮುಂದಿನದು ಬಿಚ್ಚಿ ಹಾಕುವ ಕೆಲಸ. ಬೇರೆ ಕನ್ವೇಯರ್‌ನಲ್ಲಿ ಜಾಯಿಂಟ್ ಮಾಡಿದ ರೆಡಿ ಬೆಲ್ಟ್ ತಂದು ಒಂದು ಬದಿ ಬಿಚ್ಚಿ ತೂರಿಸಿದರೆ ಮುಗಿಯಿತು. ಇಲ್ಲಿ ಮೊದಲು ನೋಡಬೇಕಾದ್ದು, ಬೆಲ್ಟಿನ ವಾಪಸ್ ಬರುವ ಕೆಳಗಿನ ಭಾಗ ಎಲ್ಲಿ ಹೋಗುತ್ತದೆ ಅನ್ನುವುದು. ಕೆಲವು ಯಂತ್ರಗಳಲ್ಲಿ ಮೇಲಿನದು ಕೆಳಗಿನದು ಎರಡೂ ಕಿಂಡಿಯೊಳಗೇ ಹಾದುಹೋಗುತ್ತವೆ. ಅಲ್ಲಿ ಕನ್ವೇಯರ್ ಬೆಡ್ ಸಮೇತ ಎಳೆದು ತೆಗೆದು ರೆಡಿ ಬೆಲ್ಟ್ ಹಾಕಬಹುದು. ಇನ್ನು ಕೆಲವದರಲ್ಲಿ ಮೇಲಿನದು ಮಾತ್ರ ಕಿಂಡಿಯೊಳಗೆ, ವಾಪಸ್ ಬರುವುದು ಕಾಯಿಲ್ ಇರುವ ಪೆಟ್ಟಿಗೆಯ, ಅಂದರೆ ಡಿಟೆಕ್ಟರ್ ಹೆಡ್‌ನ ಹೊಟ್ಟೆ ಕೆಳಗೆ. ಆಗ ಬೆಲ್ಟ್ ಮತ್ತು ಕಿಂಡಿ ಸರಪಳಿಯ ಎರಡು ಕೊಂಡಿಗಳ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಯಾವ ಬೋಲ್ಟ್ ಬಿಚ್ಚಿದರೂ ಬಿಡುವುದಿಲ್ಲ, ಒಂದನ್ನು ಕತ್ತರಿಸಲೇಬೇಕು. ಹೆಡ್ ಕತ್ತರಿಸುವ ಹಾಗಿಲ್ಲ. ಆದ್ದರಿಂದ ಬೆಲ್ಟನ್ನು ಬಿಡಿಯಾಗಿ ತಂದು, ಕಿಂಡಿಯೊಳಗೆ ತೂರಿಸಿ, ಅಲ್ಲೇ ಯಂತ್ರದ ಮೇಲೇ ಜಾಯಿಂಟ್ ಮಾಡಬೇಕು. ರೆಡಿ ಬೆಲ್ಟ್ ತರಿಸಿಕೊಂಡು ರಾತ್ರಿ ಶಿಫ್ಟ್‌ನಲ್ಲಿ ಎಲ್ಲಾ ಬಿಚ್ಚಿ ಹಾಕಿ, ಆಮೇಲೆ ಇದು ತಲೆಗೆ ಹೊಳೆದು ಎಲ್ಲರೂ ಮುಖ ಮುಖ ನೋಡಿಕೊಂಡ ಫ್ಯಾಕ್ಟರಿಗಳಿವೆ. ಬೆಲ್ಟ್ ಆರ್ಡರ್ ಮಾಡುವ ಮುಂಚೆ ಒಂದು ಸಲ ಬಗ್ಗಿ ಕೆಳಗೆ ನೋಡಿ.

ಅಳತೆಯನ್ನು ಹಳೇ ಬೆಲ್ಟಿನಿಂದ ತೆಗೆಯಬೇಡಿ. ಅದು ಎಳೆದು ಎಳೆದು ಉದ್ದ ಆಗಿರುತ್ತದೆ. ಟೈಟ್ ಮಾಡುವ ಸ್ಕ್ರೂಗಳನ್ನು ಹೆಚ್ಚುಕಮ್ಮಿ ಪೂರ್ತಿ ಹಿಂದಕ್ಕೆ ತಂದು, ರೋಲರ್‌ಗಳ ಸುತ್ತ ಟೇಪ್ ಸುತ್ತಿ ಅಳೆಯಿರಿ. ಆಗ ಮುಂದೆ ಎಳೆಯುವುದಕ್ಕೆ ಜಾಗ ಉಳಿಯುತ್ತದೆ. ಹಳೇ ಬೆಲ್ಟ್ ಕತ್ತರಿಸುವ ಮುಂಚೆ ಕರೆಂಟ್ ಐಸೊಲೇಟರ್‌ಗೆ ಬೀಗ ಹಾಕಿ, ಪುಷರ್‌ನ ಏರ್ ಲೈನ್ ಬಂದ್ ಮಾಡಿ ಒಳಗಿನ ಗಾಳಿಯನ್ನೂ ಬಿಟ್ಟುಬಿಡಿ. ಕರೆಂಟ್ ಇಲ್ಲದಿದ್ದರೂ ಸಿಲಿಂಡರಿನಲ್ಲಿ ಉಳಿದ ಗಾಳಿ ಕೈ ಮೇಲೆ ಹೊಡೆಯಬಹುದು.

ಹಳೇದು ಯಾಕೆ ಹಾಳಾಯಿತು ಅಂತಲೂ ಆಗಲೇ ನೋಡಿಕೊಳ್ಳಿ. ನಮ್ಮಲ್ಲಿ ಬಹುಪಾಲು ಬೆಲ್ಟ್‌ಗಳು ಸವೆದು ಸಾಯುವುದಿಲ್ಲ, ಅಂಚು ಕಿತ್ತು ಸಾಯುತ್ತವೆ. ಹಿಂದಿನ ರೋಲರ್‌ಗೆ ಹಿಟ್ಟು ಮೆತ್ತಿಕೊಂಡು ಒಂದು ಬದಿ ಗಡ್ಡೆ ಕಟ್ಟುತ್ತದೆ, ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ, ಫ್ರೇಮ್‌ಗೋ ಕಿಂಡಿಯ ಗೋಡೆಗೋ ಉಜ್ಜುತ್ತದೆ, ಪಾಲಿಯೆಸ್ಟರ್ ದಾರ ಎದ್ದು ಬರುತ್ತದೆ. ಮಳೆಗಾಲದಲ್ಲಂತೂ ಆ ಹಿಟ್ಟು ಕಲ್ಲಾಗಿರುತ್ತದೆ. ಅದನ್ನು ಕೆರೆದು ತೆಗೆಯದೆ ಹೊಸ ಬೆಲ್ಟ್ ಹಾಕಿದರೆ ಇದೂ ಅದೇ ದಾರಿ ಹಿಡಿಯುತ್ತದೆ. ಕೆರೆಯುವುದಕ್ಕೆ ಪ್ಲಾಸ್ಟಿಕ್ ಸ್ಕ್ರೇಪರ್ ತಗೊಳ್ಳಿ, ಹ್ಯಾಕ್ಸಾ ಬ್ಲೇಡ್ ಬೇಡ.

ಜಾಯಿಂಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎರಡೂ ತುದಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರ ಹಲ್ಲಿನ ಸಂದಿಗೆ ಇನ್ನೊಂದರ ಹಲ್ಲು ಕೂರಿಸಿ, ಬಿಸಿ ಪ್ರೆಸ್ಸಿನ ನಡುವೆ ಇಟ್ಟು ಕರಗಿಸಿ ಕೂಡಿಸುತ್ತಾರೆ. ಬಿಸಿ ಎಷ್ಟು, ಎಷ್ಟು ಹೊತ್ತು ಅನ್ನುವುದು ಬೆಲ್ಟ್ ಮಾಡಿದವರ ಶೀಟಿನಲ್ಲಿರುತ್ತದೆ. ಒತ್ತಡ ಬಿಡುವ ಮುಂಚೆ ತಣ್ಣಗಾಗಬೇಕು, ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಚೆನ್ನಾಗಿ ಮಾಡಿದ ಜಾಯಿಂಟ್ ಮೇಲೆ ಬೆರಳಾಡಿಸಿದರೆ ಏರುತಗ್ಗು ಸಿಗುವುದಿಲ್ಲ. ಸಂದಿ ಉಳಿದರೆ ಅದರಲ್ಲಿ ಮಸಾಲೆ ಕೂರುತ್ತದೆ, ತೊಳೆದ ನೀರು ಕೂರುತ್ತದೆ. ಉಪ್ಪು ಬೆರೆತ ಒದ್ದೆ ಮಸಾಲೆ ಡಿಟೆಕ್ಟರಿಗೆ ಲೋಹದ ಹಾಗೇ ಕಾಣುತ್ತದೆ.

ಒಂದು ಸಲ ಎಲ್ಲ ಸರಿ ಇದ್ದೂ, ಬೆಲ್ಟ್ ಸರಿಯಾದದ್ದೇ ಆಗಿದ್ದೂ, ಸುಳ್ಳು ರಿಜೆಕ್ಟ್ ಬರುತ್ತಲೇ ಇತ್ತು. ಶಿಫ್ಟ್ ಇನ್‌ಚಾರ್ಜ್ ಎಂದಿನಂತೆ, 'ಸೆನ್ಸಿಟಿವಿಟಿ ಸ್ವಲ್ಪ ಇಳಿಸಿ ಸಾರ್, ಲೈನ್ ಓಡ್ಲಿ' ಅಂದರು. ಅವರ ಕಷ್ಟ ಅವರಿಗೆ, ಟಾರ್ಗೆಟ್ ತಲೆ ಮೇಲೆ ಕೂತಿರುತ್ತದೆ. ಆದರೆ ಇಂಥ ಹೊತ್ತಲ್ಲಿ ಮಾಡಬೇಕಾದ ಕೆಲಸ ಬೇರೆ, ಅದಕ್ಕೆ ಬೇಕಾದ್ದು ಒಂದು ಸೀಮೆಸುಣ್ಣ ಮತ್ತು ಮೊಬೈಲಿನ ಸ್ಟಾಪ್‌ವಾಚ್. ಬೆಲ್ಟಿನ ಒಟ್ಟು ಉದ್ದ 4 ಮೀಟರ್, ವೇಗ ನಿಮಿಷಕ್ಕೆ 24 ಮೀಟರ್ ಅಂದುಕೊಳ್ಳಿ. ಒಂದು ಸುತ್ತಿಗೆ 10 ಸೆಕೆಂಡ್. ಖಾಲಿ ಓಡಿಸಿದಾಗ ಸಿಗ್ನಲ್ ಸರಿಯಾಗಿ 10 ಸೆಕೆಂಡಿಗೊಂದು ಸಲ ಏಳುತ್ತಿದ್ದರೆ ತಪ್ಪು ಬೆಲ್ಟಿನದು, ಅನುಮಾನವೇ ಬೇಡ. ಹೊತ್ತುಗೊತ್ತಿಲ್ಲದೆ ಎದ್ದರೆ ಬೇರೆ ಕಡೆ ಹುಡುಕಬೇಕು. ನಮ್ಮದು ಗಡಿಯಾರದಂತೆ ಬರುತ್ತಿತ್ತು. ಸಿಗ್ನಲ್ ಎದ್ದ ಕ್ಷಣ ಕಿಂಡಿಯ ನಡುವೆ ಇದ್ದ ಜಾಗಕ್ಕೆ ಗೆರೆ ಹಾಕುತ್ತಾ ಹೋದರೆ, ಗೆರೆಗಳೆಲ್ಲ ಜಾಯಿಂಟಿನ ಮೇಲೇ ಬಿದ್ದವು.

ಜಾಯಿಂಟ್ ಕತ್ತರಿಸಿ ತೆಗೆದು, ಬ್ಲೇಡಿನಿಂದ ಒಂದೊಂದೇ ಹಲ್ಲು ಸೀಳುತ್ತಾ, ಕಿಂಡಿಯಲ್ಲಿ ಒಂದೊಂದೇ ತುಂಡು ಆಡಿಸಿ ನೋಡಿದೆವು. ಅಂಚಿನಿಂದ ಮೂರನೇ ಹಲ್ಲಿನಲ್ಲಿ, ಪಿವಿಸಿ ಒಳಗೆ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಸಣ್ಣ ಸ್ಟೀಲ್ ಎಳೆ. ವೈರ್ ಬ್ರಷ್‌ನದ್ದು. ಜಾಯಿಂಟ್ ಮಾಡಲು ಬಂದವರು ಪ್ರೆಸ್ ಪ್ಲೇಟಿಗೆ ಅಂಟಿದ್ದ ಹಳೇ ಪ್ಲಾಸ್ಟಿಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿದ್ದರು. ಒಂದು ಎಳೆ ಉದುರಿ ಪ್ಲೇಟ್ ಮೇಲೆ ಉಳಿದು, ಬೆಲ್ಟ್ ಕರಗಿದಾಗ ಒಳಗೆ ಸೇರಿಕೊಂಡಿತ್ತು. ಅದು ಪ್ರತಿ ಸುತ್ತಿಗೂ ಸಿಕ್ಕಿಬಿದ್ದಿದ್ದೂ ಆಶ್ಚರ್ಯ ಅಲ್ಲ. ಕಿಂಡಿಯ ಗೋಡೆ ಹತ್ತಿರ ಡಿಟೆಕ್ಟರ್ ಚುರುಕು ಜಾಸ್ತಿ, ನಟ್ಟ ನಡುವೆ ಕಮ್ಮಿ. ಬೆಲ್ಟ್ ಹೋಗುವುದು ಕೆಳಗಿನ ಗೋಡೆಗೆ ಹತ್ತಿರ. ಜೊತೆಗೆ ಎಳೆ ಬೆಲ್ಟ್ ಓಡುವ ದಿಕ್ಕಿಗೇ ಉದ್ದಕ್ಕೆ ಮಲಗಿತ್ತು, ಕಬ್ಬಿಣದ ತಂತಿ ಹಾಗಿದ್ದಾಗಲೇ ಚೆನ್ನಾಗಿ ಸಿಗುವುದು. ಅಂದಿನಿಂದ ಜಾಯಿಂಟ್ ಕೆಲಸಕ್ಕೆ ಯಾರೇ ಬರಲಿ, ಅವರ ಟೂಲ್ ಬ್ಯಾಗಿನ ವೈರ್ ಬ್ರಷ್ ಸೆಕ್ಯುರಿಟಿ ಹತ್ತಿರ ಉಳಿಯುತ್ತದೆ. ಪ್ಲೇಟ್ ಉಜ್ಜಲು ನಾವೇ ನೈಲಾನ್ ಪ್ಯಾಡ್ ಕೊಡುತ್ತೇವೆ. ಅಕ್ಕಪಕ್ಕ ಗ್ರೈಂಡಿಂಗ್, ಡ್ರಿಲ್ಲಿಂಗ್ ಕೂಡ ಆ ಹೊತ್ತಿಗೆ ಬಂದ್.

ಟೈಟ್ ಎಷ್ಟು ಮಾಡಬೇಕು? ಕೈಯಲ್ಲಿ ಎತ್ತಿ ನೋಡಿ ಅಂದಾಜು ಮಾಡುವವರೇ ಎಲ್ಲಾ ಕಡೆ. ಬಟ್ಟೆ ಪದರ ಇರುವ ಬೆಲ್ಟಿಗೆ ಒಂದು ಸುಲಭ ಲೆಕ್ಕ ಇದೆ. ಸಡಿಲ ಇರುವಾಗಲೇ ಬೆಲ್ಟಿನ ಅಂಚಲ್ಲಿ 1000 ಮಿ.ಮೀ. ಅಂತರಕ್ಕೆ ಎರಡು ಗೆರೆ ಹಾಕಿ. ಎರಡೂ ಬದಿ ಸಮವಾಗಿ ಎಳೆಯುತ್ತಾ ಆ ಅಂತರ 1003ರಿಂದ 1005 ಮಿ.ಮೀ. ಆದರೆ ಶುರುವಿಗೆ ಸಾಕು. ಮೋಟಾರ್ ರೋಲರ್ ಜಾರದಿದ್ದರೆ ಇನ್ನೂ ಎಳೆಯುವ ಆಸೆ ಬೇಡ. ಬೇರಿಂಗ್, ಜಾಯಿಂಟ್ ಎರಡಕ್ಕೂ ಅದು ಸುಮ್ಮನೆ ಹಿಂಸೆ.

ಆಮೇಲೆ ಬೆಲ್ಟ್ ನಡುವೆ ಓಡುವಂತೆ ಮಾಡುವುದು. ಬಾಲದ, ಅಂದರೆ ಹಿಂದಿನ ತುದಿಯ, ರೋಲರಿನ ಎಡ ಬದಿ ಬಿಗಿ ಮಾಡಿದರೆ ಬೆಲ್ಟ್ ಬಲಕ್ಕೆ ಸರಿಯುತ್ತದೆ, ಬಲ ಬದಿ ಬಿಗಿ ಮಾಡಿದರೆ ಎಡಕ್ಕೆ. ಅಂದರೆ ಸಡಿಲ ಇರುವ ಕಡೆಗೇ ಓಟ. ಕಾಲು ಸುತ್ತು ತಿರುಗಿಸಿ, ಸ್ಪ್ಯಾನರ್ ಕೆಳಗಿಟ್ಟು, ಬೆಲ್ಟ್ ಹಲವು ಸುತ್ತು ಓಡುವವರೆಗೆ ಕಾಯಬೇಕು. ಕಾಯದೆ ತಿರುಗಿಸುತ್ತಾ ಹೋದರೆ ಆ ಕಡೆ ಈ ಕಡೆ ಓಲಾಡಿಸುತ್ತಾ ಇಡೀ ಮಧ್ಯಾಹ್ನ ಕಳೆಯಬಹುದು. ಓಡುವ ಯಂತ್ರದ ಹತ್ತಿರದ ಕೆಲಸ, ಶರ್ಟಿನ ತೋಳು ಜೋತಾಡದಂತೆ ನೋಡಿಕೊಳ್ಳಿ.

ಬಿಚ್ಚಿದ ಬೋಲ್ಟ್‌ಗಳನ್ನು ವಾಪಸ್ ಹಾಕುವಾಗ ಇನ್ನೊಂದು ಎಚ್ಚರ ಬೇಕು. ಡಿಟೆಕ್ಟರ್ ಕನ್ವೇಯರಿನಲ್ಲಿ ರೋಲರ್‌ನ ಒಂದು ತುದಿಗೆ ಪ್ಲಾಸ್ಟಿಕ್ ಬುಷ್ ಇರುತ್ತದೆ. ಕೆಲವು ಬೋಲ್ಟ್‌ಗಳ ಕೆಳಗೆ ಪ್ಲಾಸ್ಟಿಕ್ ವಾಷರ್ ಇರುತ್ತದೆ. ನೋಡಿದರೆ ಯಾರೋ ಜುಗ್ಗ ಕಂಪನಿಯವರು ದುಡ್ಡು ಉಳಿಸಿದ ಹಾಗೆ ಕಾಣುತ್ತದೆ. ಆದರೆ ಅದು ಬೇಕಂತಲೇ ಇಟ್ಟದ್ದು. ಫ್ರೇಮಿನ ಈ ಬದಿ, ರೋಲರ್, ಆ ಬದಿ ಎಲ್ಲಾ ಲೋಹದಿಂದಲೇ ಕೂಡಿದರೆ ಕರೆಂಟಿಗೆ ಒಂದು ಸುತ್ತು ದಾರಿ ಸಿಕ್ಕಿಬಿಡುತ್ತದೆ. ರೋಲರ್ ತಿರುಗುವಾಗ ಆ ಸಂಪರ್ಕ ಬಿಟ್ಟು ಬಿಟ್ಟು ಕೂಡುತ್ತದೆ, ಪ್ರತಿ ಸಲವೂ ಡಿಟೆಕ್ಟರ್ ಬೆಚ್ಚಿ ಬೀಳುತ್ತದೆ. ಪ್ಲಾಸ್ಟಿಕ್ ವಾಷರ್ ಕಳೆದುಹೋಯಿತು ಅಂತ ಸ್ಟೀಲ್ ವಾಷರ್ ಹಾಕಿದರೆ ಕೊನೆಗೆ ಬೈಸಿಕೊಳ್ಳುವುದು ಹೊಸ ಬೆಲ್ಟ್. ಕಿಂಡಿಯ ಆಚೆ ಈಚೆ ಲೋಹ ಇರಬಾರದ ಜಾಗವೂ ಇದೆ. ಸಾಮಾನ್ಯ ಲೆಕ್ಕದಲ್ಲಿ ನಿಂತ ಲೋಹಕ್ಕೆ ಕಿಂಡಿ ಎತ್ತರದ ಒಂದೂವರೆ ಪಟ್ಟು, ಓಡಾಡುವ ಲೋಹಕ್ಕೆ ಎರಡು ಪಟ್ಟು. 150 ಮಿ.ಮೀ. ಎತ್ತರದ ಕಿಂಡಿಯಾದರೆ 225 ಮತ್ತು 300 ಮಿ.ಮೀ. ನಿಮ್ಮ ಯಂತ್ರದ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಕೊನೆ ಮಾತು. ಬೆಲ್ಟ್ ಬದಲಿಸಿದವರು ಅಲನ್ ಕೀ ಒಂದನ್ನು ಆ ಜಾಗದಲ್ಲೇ ಮರೆತು ಹೋಗುವುದು ಹೊಸತೇನಲ್ಲ.

ಈಗ ಪರೀಕ್ಷೆ. ಮೊದಲು ಖಾಲಿ ಬೆಲ್ಟ್ ಕನಿಷ್ಠ ಇಪ್ಪತ್ತು ಸುತ್ತು. ಸಿಗ್ನಲ್ ಬಾರ್ ನೆಲ ಬಿಟ್ಟು ಏಳಬಾರದು. ಆಮೇಲೆ ಪುಡಿಯ ಪೌಚ್ ಹಾಕಿ ಲರ್ನಿಂಗ್. ಆಮೇಲೆ ಟೆಸ್ಟ್ ಪೀಸ್‌ಗಳು: ಫೆರಸ್ (ಕಬ್ಬಿಣದ್ದು), ಹಿತ್ತಾಳೆಯಂಥ ನಾನ್ ಫೆರಸ್, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ನಮ್ಮ ಕಿಂಡಿಗೆ ಇವು 1.5, 2.0, 2.5 ಮಿ.ಮೀ. ಗುಂಡುಗಳು. ಸ್ಟೇನ್‌ಲೆಸ್ ದೊಡ್ಡದು ಯಾಕೆಂದರೆ ಅದಕ್ಕೆ ಅಯಸ್ಕಾಂತದ ಗುಣವೂ ಕಮ್ಮಿ, ಕರೆಂಟ್ ಹರಿಯುವುದೂ ಕಮ್ಮಿ, ಹಿಡಿಯುವುದು ಕಷ್ಟ. ಪೀಸನ್ನು ಬೆಲ್ಟಿಗೆ ಅಂಟಿಸಿ ಕಳಿಸಿ ಪಾಸಾಯಿತು ಅನ್ನುವುದು ಮೋಸದ ಪರೀಕ್ಷೆ. ಆಗಲೇ ಹೇಳಿದೆನಲ್ಲ, ಗೋಡೆ ಹತ್ತಿರ ಸಿಗುವುದು ಸುಲಭ. ಕಿಂಡಿಯ ನಟ್ಟ ನಡುವೆ ಹಾದುಹೋಗುವ ಎತ್ತರದಲ್ಲಿಡಬೇಕು. ಪೌಚ್‌ನ ಮುಂದೆ, ನಡುವೆ, ಹಿಂದೆ ಹೀಗೆ ಮೂರೂ ಜಾಗದಲ್ಲಿಟ್ಟು ಕಳಿಸಬೇಕು. ಸಿಕ್ಕಿತು ಅಂದರೆ ಸಾಲದು, ಪುಷರ್ ಅದೇ ಪೌಚನ್ನು ತಳ್ಳಿ ಡಬ್ಬಕ್ಕೆ ಹಾಕಬೇಕು. ಹೊಸ ಬೆಲ್ಟ್ ರೋಲರ್ ಮೇಲೆ ಜಾರುತ್ತಿದ್ದರೆ ಟೈಮಿಂಗ್ ತಪ್ಪಿ, ಅದರ ಮುಂದಿದ್ದ ಪಾಪದ ಪೌಚ್ ಹೊಡೆತ ತಿಂದು, ತಪ್ಪು ಮಾಡಿದ ಪೌಚ್ ಹಾಗೇ ಮುಂದೆ ಹೋಗುತ್ತದೆ.

ಇಷ್ಟಾದರೂ ಜರಡಿ ತಂತಿ ವಿಷಯದಲ್ಲಿ ನೆಮ್ಮದಿ ಬೇಡ. 2.5 ಮಿ.ಮೀ. ಗುಂಡು ಹಿಡಿಯುವ ಯಂತ್ರ, ಅದಕ್ಕಿಂತ ಉದ್ದದ ಸಣ್ಣ ತಂತಿ ತಿರುಗಿರುವ ದಿಕ್ಕು ಸರಿ ಇಲ್ಲದಿದ್ದರೆ ಬಿಟ್ಟುಬಿಡಬಹುದು. ಅದಕ್ಕೆ ದಿನಾ ಜರಡಿ ಬಿಚ್ಚಿ ನೋಡುವುದೊಂದೇ ದಾರಿ.

ಒಂದು ವಾರ ಓಡಿದ ಮೇಲೆ ಹೊಸ ಬೆಲ್ಟ್ ಸ್ವಲ್ಪ ಸಡಿಲ ಆಗುತ್ತದೆ, ಆ ಎರಡು ಗೆರೆಯ ಅಂತರ ಇನ್ನೊಮ್ಮೆ ಅಳೆದು ಸರಿ ಮಾಡಿ. ಬೆಲ್ಟಿನ ಬ್ಯಾಚ್ ನಂಬರ್, ಜಾಯಿಂಟ್ ಮಾಡಿದ ದಿನ, ಯಾರು ಮಾಡಿದರು ಅನ್ನುವುದನ್ನು ಯಂತ್ರದ ಲಾಗ್ ಬುಕ್ಕಿನಲ್ಲಿ ಬರೆದಿಡಿ, ಆಡಿಟ್‌ನವರು ಕೇಳಿಯೇ ಕೇಳುತ್ತಾರೆ. ಸ್ಪೇರ್ ಬೆಲ್ಟನ್ನು ಮಡಚಿ ಇಡಬೇಡಿ, ಮಡಿಕೆ ಬಿದ್ದ ಜಾಗ ಮತ್ತೆ ನೆಟ್ಟಗಾಗುವುದಿಲ್ಲ. ಪೈಪಿಗೆ ಸುತ್ತಿ, ಪ್ಲಾಸ್ಟಿಕ್ ಕವರ್ ಹಾಕಿ, ವೆಲ್ಡಿಂಗ್ ಶೆಡ್‌ನಿಂದ ದೂರ ಇಡಿ. ಕವರ್ ಮೇಲೆ ದಪ್ಪ ಅಕ್ಷರದಲ್ಲಿ 'ಮೆಟಲ್ ಡಿಟೆಕ್ಟರ್‌ಗೆ ಮಾತ್ರ' ಅಂತ ಬರೆಯಿರಿ. ಇಲ್ಲದಿದ್ದರೆ ಮುಂದಿನ ಬ್ರೇಕ್‌ಡೌನ್‌ನಲ್ಲಿ ಕಾರ್ಟನ್ ಕನ್ವೇಯರಿನವರು ಬಂದು ಅದರಿಂದಲೇ ಎರಡು ಮೀಟರ್ ಕತ್ತರಿಸಿಕೊಂಡು ಹೋಗಿರುತ್ತಾರೆ.